ಬೀಗರ ರುಮಾಲಿನ ಹಿಂದಿನ ತಾಜ್ ಮಹಲ್

ಎಲೈ ವಾಗ್ದೇವಿ, ಈ ಬಡ ಕಥೆಗಾರನ ನಾಲಗೆಯ ಮೇಲೆ ಒಂದರೆಗಳಿಗೆ ಬಂದು ಕುಳಿತುಕೋ, ಕಿಟಕಿ ಪಕ್ಕದ ಜಾಗವನ್ನೇ ನಿನಗೆ ಬಿಟ್ಟುಕೊಡುತ್ತೇನೆ. ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ಭರತಖಂಡದಲ್ಲಿ, ತುಂಗಭದ್ರೆಗೆ ಉತ್ತರಕ್ಕೂ ಮಲಪ್ರಭೆಗೆ ದಕ್ಷಿಣಕ್ಕೂ ಹರಡಿಕೊಂಡ ಕರಿಮಣ್ಣಿನ ಸೀಮೆಯೊಳಗೆ, ಬೆಟಗೇರಿಯೆಂಬ ಪಟ್ಟಣದಲ್ಲಿ, ಥಳಥಳಾಯಮಾನಲೋಹಪಾತ್ರಸಹಸ್ರಪರಿವೃತನೂ ಗಿರಾಕಿಜನಮನೋಹಾರಿಯೂ ಆದ ಗುರುಪಾದಪ್ಪ ಕಲಬಂಡಿಯೆಂಬ ಮಹಾರಥಿಯಿದ್ದನು. ಊರಿನವರ ಮಾತಿನಲ್ಲಿ ಹೇಳುವುದಾದರೆ, ಸ್ಟೀಲ್ ಭಾಂಡಿ ಅಂಗಡಿಯ ಗುರುಪಾದಪ್ಪ.

ಈ ವೀರನ ವಿಶಾಲ ವಕ್ಷಃಸ್ಥಳದ ಒಳಗೆ ಬಾಲ್ಯದ ಒಂದು ಗಾಯವು ಆರದೆ ಉಳಿದಿತ್ತು. ಅವನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಓಣಿಗೆ ಬಯಸ್ಕೋಪ್ ಪೆಟ್ಟಿಗೆಯವನು ಬರುತ್ತಿದ್ದ. ತೂತಿಗೆ ಕಣ್ಣು ಹಚ್ಚಿದರೆ ಒಳಗೆ ದೇಶವೆಲ್ಲ ಒಂದೊಂದೇ ಚಿತ್ರವಾಗಿ ಸರಿಯುತ್ತಿತ್ತು. ಕಾಶಿಯ ಘಾಟು ಬಂತು, ಬಾಲಕ ಗುರುಪಾದ ನೋಡಿದ. ಕುತುಬ್ ಮಿನಾರ್ ಬಂತು, ನೋಡಿದ. "ಇನ್ನ ನೋಡ್ರಿ, ಆಗ್ರಾ ಪಟ್ಟಣದ ತಾಜ್ ಮಹಲಾ" ಎಂದು ಪೆಟ್ಟಿಗೆಯವನು ತಾಳ ಕುಟ್ಟಿ ರಾಗವೆಳೆದ ಆ ಪರಮ ಮುಹೂರ್ತದಲ್ಲೇ ಅಣ್ಣ ಮಲ್ಲೇಶಿ ತಮ್ಮನನ್ನು ಆಚೆ ದಬ್ಬಿ ತನ್ನ ತಲೆ ತೂರಿಸಿದ. ಹೀಗಾಗಿ ಗುರುಪಾದನು ತಾಜ್ ಮಹಲಿನ ಹಾಡನ್ನು ಪೂರ್ತಿ ಕೇಳಿದ, ಕಂಡದ್ದು ಮಾತ್ರ ಅಣ್ಣನ ಎಣ್ಣೆ ಹಚ್ಚಿದ ಹಿಂದಲೆ. ಅಂದೇ ಅವನು ಸಿಂಬಳ ಒರೆಸಿಕೊಂಡು ಪ್ರತಿಜ್ಞೆ ಮಾಡಿದ: ಎಂದಾದರೊಂದು ದಿನ ಆ ಧವಳಸೌಧವನ್ನು, ಮುಂದೆ ಯಾರ ತಲೆಯೂ ಇಲ್ಲದಂತೆ, ಕಣ್ಣು ತುಂಬ ನೋಡುವೆನು.

ಕಾಲಚಕ್ರ ಉರುಳಿತು. ತಲೆಗೂದಲು ಉದುರಿತು. ಮಗಳು ಸುವರ್ಣಾಳ ಮದುವೆಯಾಗಿ, ಅವಳಿಗೂ ಒಂದು ಕೂಸಾಯಿತು. ಆಗ ಗದಗಿನಿಂದ ಉತ್ತರ ಭಾರತ ದರ್ಶನಕ್ಕೆ ಒಂದು ಟೂರಿಸ್ಟ್ ಬಸ್ಸು ಹೊರಡುವುದೆಂದೂ, ಅಡುಗೆಯವರು ಜೊತೆಗೇ ಬಂದು ದಿನಾ ರೊಟ್ಟಿ ಬಡಿದು ಕೊಡುವರೆಂದೂ ಸುದ್ದಿ ಬಂತು. ಗುರುಪಾದಪ್ಪನು ಪತ್ನಿ ಬಸಲಿಂಗವ್ವಳೊಡನೆ ಸನ್ನದ್ಧನಾದನು. ಅದೇ ಬಸ್ಸಿಗೆ, ವಿಧಿಯ ಕುಚೋದ್ಯವೋ ಏನೋ, ಬೀಗರೂ ಹೆಸರು ಹಚ್ಚಿಸಿದರು.

ಬೀಗರೆಂದರೆ ಸುವರ್ಣಾಳ ಮಾವ, ಅಣ್ಣಿಗೇರಿಯ ಮೆಣಸಿನಕಾಯಿ ವ್ಯಾಪಾರಿ ಸಂಗನಬಸಪ್ಪನವರು. ಕಥೆ ಹೇಳುವ ನನಗೂ ಅವರನ್ನು ಏಕವಚನದಲ್ಲಿ ಕರೆಯುವ ಧೈರ್ಯವಿಲ್ಲ, ಅವರು ಗಂಡಿನ ಕಡೆಯವರು. ಕೂಸಿನ ಆರೈಕೆಗೆ ಬೀಗತಿಯನ್ನು ಮನೆಯಲ್ಲಿ ಬಿಟ್ಟು ಒಬ್ಬರೇ ಬಂದಿದ್ದರು. ಒಬ್ಬರೇ ಎಂದರೆ ತಪ್ಪಾದೀತು, ತಲೆಯ ಮೇಲೆ ರುಮಾಲು ಜೊತೆಗಿತ್ತು. ಅದೇನು ಸಾಮಾನ್ಯ ರುಮಾಲೇ? ಜರಿಯಂಚಿನ, ಹಳದಿ ಬಣ್ಣದ, ಸುತ್ತಿ ಸುತ್ತಿ ಮುಗಿಯದ, ಗಗನಚುಂಬಿ ದಿಗಂತಾವರಣ ರುಮಾಲು. ಅದರ ಹಿಂದೆ ಕುಳಿತವನಿಗೆ ಡ್ರೈವರನೂ ಕಾಣನು, ರಸ್ತೆಯೂ ಕಾಣದು, ಮುಂದಿನ ಊರು ಬಂದದ್ದೂ ತಿಳಿಯದು. ಹೆಣ್ಣು ಕೊಟ್ಟವನು ಬೀಗರಿಗೆ "ತಲಿ ಸರಸ್ರಿ" ಎನ್ನುವುದು ಆ ಸೀಮೆಯಲ್ಲಿ ಹುಟ್ಟಿದ ಬಾಯಿಗೆ ಸಾಧ್ಯವಿಲ್ಲದ ಮಾತು. ಬೀಗರು ಕಾಲು ತುಳಿದರೆ "ನಿಮಗ ನೋವಾತೇನ್ರಿ" ಎಂದು ಕೇಳುವುದೇ ಅಲ್ಲಿಯ ರಿವಾಜು.

ಪ್ರಥಮ ದಿನವೇ ಪ್ರಥಮ ಸಮರ. ಬಿಜಾಪುರದ ಹಾದಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಯಾರ ಟವೆಲ್ ಮೊದಲು ಬೀಳುತ್ತದೋ ಅವರದೇ ಸೀಟು ಎಂಬುದು ನಮ್ಮ ನಾಡಿನ ಬಸ್ಸುಗಳ ಸನಾತನ ಧರ್ಮ. ಗುರುಪಾದಪ್ಪನು ಬಿಸಿ ಚಹಾವನ್ನು ಒಂದೇ ಗುಟುಕಿಗೆ ನುಂಗಿ, ಸುಟ್ಟ ನಾಲಗೆಯನ್ನು ಲೆಕ್ಕಿಸದೆ, ಹೆಗಲ ಮೇಲಿನ ಕೆಂಪು ಚೌಕಳಿ ಟವೆಲನ್ನು ಸುಂಯ್ಯನೆ ತಿರುಗಿಸಿ ಕಿಟಕಿಯೊಳಗೆ ಎಸೆದನು. ಆ ಟವೆಲಾಸ್ತ್ರವು ಅದುವರೆಗೆ ಬೀಗರು ಕುಳಿತಿದ್ದ ಮುಂದಿನ ಸಾಲಿನ ಸೀಟಿನ ಮೇಲೆ ಹರಡಿಕೊಂಡು ಬಿತ್ತು. ವೀರನು ಧಡಧಡ ಹತ್ತಿಹೋಗಿ ವಿಜಯಪೀಠದ ಮೇಲೆ ಕುಳಿತನು. ಕೆಳಗೆ ಕರಕ್ ಎಂದಿತು. ಯಾರೋ ಹಪ್ಪಳ ಬಿಟ್ಟು ಹೋಗಿದ್ದಾರೆಂದುಕೊಂಡು, ಕೆಳಗಿದ್ದುದನ್ನು ನೋಡದೆಯೇ ಟವೆಲಿನಲ್ಲಿ ಬಾಚಿಕೊಂಡು ಕಿಟಕಿಯ ಹೊರಗೆ ಝಾಡಿಸಿ ಮತ್ತೆ ಕುಳಿತನು.

ಅಷ್ಟರಲ್ಲಿ ಸಂಗನಬಸಪ್ಪನವರು ಹತ್ತಿ ಬಂದರು. ಸೀಟಿನ ಸುತ್ತಮುತ್ತ ಕೈಯಾಡಿಸಿದರು, ಬಗ್ಗಿ ಕೆಳಗೂ ನೋಡಿದರು.

"ಏನ್ ಹುಡುಕಾಕತ್ತೀರಿ ಬೀಗ್ರ?"

"ಏನಿಲ್ರಿ, ಹಂಗ ಸುಮ್ಮನ."

ಇಲ್ಲಿ ನಮ್ಮ ವೀರನ ಪತನವು ಅವನ ನಾಲಗೆಯಿಂದಲೇ ಆಯಿತು. ಬೀಗರು ನಿಂತಿದ್ದಾರೆ, ತಾನು ಕುಳಿತಿದ್ದಾನೆ. ಮನಸ್ಸು ಬೇಡ ಬೇಡವೆನ್ನುತ್ತಿದ್ದರೂ ಬಾಯಿ ತನ್ನಷ್ಟಕ್ಕೆ ತೆರೆದು "ಬರ್ರಿ ಬೀಗ್ರ, ಇಲ್ಲೇ ಕೂಡ್ರಿ" ಎಂದುಬಿಟ್ಟಿತು. ಅವರು "ಬ್ಯಾಡ್ರಿ, ನೀವ ಕೂಡ್ರಿ" ಎಂದರು. ಇವನು "ಛೇ, ನೀವ ಕೂಡ್ರಿ" ಎಂದನು. ಇಬ್ಬರೂ ಪರಸ್ಪರರ ಮುಂಗೈ ಹಿಡಿದು ಘೋರವಾಗಿ ಮರ್ಯಾದೆ ಮಾಡುತ್ತಿರಲು ಬಸ್ಸು ಒಮ್ಮೆಲೇ ಹೊರಟು, ಬೀಗರು ಸೀಟಿನ ಮೇಲೂ ಗುರುಪಾದಪ್ಪನು ಹಿಂದಿನ ಸಾಲಿನಲ್ಲೂ ಬಿದ್ದರು. ರುಮಾಲು ಅವನ ಮುಂದೆ ಉದಯಿಸಿತು.

ಅಲ್ಲಿಂದ ಮುಂದಿನ ಕಥೆ ಹೇಳಲು ನನಗೇ ಹೊಟ್ಟೆ ಉರಿಯುತ್ತದೆ. ಗೋಲಗುಮ್ಮಟದಲ್ಲಿ ಬೀಗರು ಎಲ್ಲರಿಗಿಂತ ಮುಂದೆ ಹೋಗಿ ನಿಂತರು. ಎಲ್ಲೋರಾದ ಕೈಲಾಸ ದೇಗುಲವನ್ನು ಒಂದೇ ಬಂಡೆಯಲ್ಲಿ ಕೊರೆದಿದ್ದಾರಂತೆ, ಗುರುಪಾದಪ್ಪ ನೋಡಿದ್ದು ಒಂದೇ ಬಟ್ಟೆಯಲ್ಲಿ ಸುತ್ತಿದ ರುಮಾಲನ್ನು. ಜೈಪುರದ ಹವಾಮಹಲಿಗೆ ಲೆಕ್ಕವಿಲ್ಲದಷ್ಟು ಕಿಟಕಿಗಳಿವೆ ಎಂದು ಗೈಡ್ ಹೇಳಿದಾಗ ಎಡಕ್ಕೆ ಬಾಗಿದ, ರುಮಾಲೂ ಎಡಕ್ಕೆ ಬಾಗಿತು. ಬಲಕ್ಕೆ ವಾಲಿದ, ಅದೂ ವಾಲಿತು. ಚಹಾದಂಗಡಿಯಲ್ಲಿ ಎಲ್ಲರಿಗಿಂತ ಹಿಂದೆ ಉಳಿದಿದ್ದ ಮನುಷ್ಯ ಈಗ ಎಲ್ಲಿ ಹೋದರೂ ಮುಂದೆಯೇ ನುಗ್ಗುವುದು ಯಾಕೆಂದು ಅವನಿಗೆ ಬಗೆಹರಿಯಲಿಲ್ಲ. ಬೇಕೆಂದೇ ಮಾಡುತ್ತಿದ್ದಾರೆ ಎಂದು ಒಳಗೊಳಗೇ ಕುದಿದನು.

ಆಗ್ರಾದ ಮುಂಚಿನ ಸಂಜೆ, ಧರ್ಮಶಾಲೆಯ ಅಂಗಳದಲ್ಲಿ ಊಟಕ್ಕೆ ಕುಳಿತಾಗ, ಗುರುಪಾದಪ್ಪನು ರೊಟ್ಟಿಯನ್ನು ಅರ್ಧಕ್ಕೆ ಮುರಿದು ಸಿಂಹನಾದಗೈದನು. ಕವಿಯ ಕಿವಿಗೆ ಅದು ಹೀಗೆ ಕೇಳಿಸಿತು: "ಎಲೌ ಸಹಧರ್ಮಿಣಿ, ನಾಳಿನ ಸೂರ್ಯನು ಯಮುನಾತೀರದಲ್ಲಿ ನನ್ನ ಪರಾಕ್ರಮವನ್ನು ನೋಡಲಿ. ಆ ಪೀತಾಂಬರಶಿಖರವನ್ನು ಹಿಂದಿಕ್ಕಿ, ಮಹಾದ್ವಾರವನ್ನು ಮೊದಲಿಗನಾಗಿ ಹೊಕ್ಕು, ಅಮೃತಶಿಲಾಸೌಧದ ಅಖಂಡ ದರ್ಶನವನ್ನು ಪಡೆಯದಿದ್ದರೆ ಈ ತಕ್ಕಡಿ ಹಿಡಿದ ಕೈಗೆ ಧಿಕ್ಕಾರ."

ಬಸಲಿಂಗವ್ವಳ ಕಿವಿಗೆ ಬಿದ್ದದ್ದು ಇಷ್ಟು: "ನಾಳೆ ನಾ ಮುಂದ ಹೋಗಾಂವ ನೋಡ."

"ಹೋಗ್ರಿ, ಯಾರ್ ಬ್ಯಾಡಂದ್ರು?" ಎಂದಳು ಆಕೆ. "ಖರೇ, ಬೀಗರಿಗೆ ಏನಾರ ಒಂದ್ ಮಾತು ಅಂದೀರಿ. ಸುವರ್ಣಾನ ಮನೀಗೆ ನಾ ಯಾ ಮಾರಿ ಇಟ್ಕೊಂಡು ಹೋಗ್ಲಿ?"

"ಅನ್ನಂಗಿಲ್ಲ ಮಾರಾಯ್ತಿ."

"ಅನ್ನಂಗಿಲ್ಲ ಅಂತೀರಿ, ಹಲ್ ಕಡ್ಯಾಕತ್ತೀರಿ. ಚಟ್ನಿ ಹಾಕ್ಲೇನು?"

ಆ ಶೇಂಗಾ ಚಟ್ನಿಯನ್ನು ನೋಡಿದೊಡನೆ ವೀರನ ಮಿದುಳಿನಲ್ಲಿ ಮಿಂಚು ಹರಿಯಿತು. ತಿನಿಸನ್ನು ತಾಜ್ ಮಹಲಿನ ಒಳಗೆ ಬಿಡುವುದಿಲ್ಲವೆಂದು ಟೂರ್ ಮ್ಯಾನೇಜರು ಆಗಷ್ಟೇ ಸಾರಿ ಹೇಳಿದ್ದನು. ಗುರುಪಾದಪ್ಪನು ಚಟ್ನಿಯ ಗಂಟನ್ನು ಮೆಲ್ಲಗೆ ಜೇಬಿಗಿಳಿಸಿದನು. ಇದು ಕ್ಷಾತ್ರಧರ್ಮವಲ್ಲ ಎಂದು ನೀವು ಮೂಗು ಮುರಿಯಬಹುದು. ನಿಮ್ಮ ಮುಂದೆ ಆ ರುಮಾಲು ಇರಲಿಲ್ಲ, ಅದಕ್ಕೆ ಮುರಿಯುತ್ತೀರಿ.

ಬೆಳಗಾಯಿತು. ಆಹಾ, ತಾಜ್ ಮಹಲಿನ ಮುಂದಣ ಆ ಜನಸಾಗರವನ್ನು ಎಂತು ಬಣ್ಣಿಸಲಿ. ವಂಗರು, ಪಾಂಚಾಲರು, ಕೇರಳರು, ಲಂಗೋಟಿಗಿಂತ ಸ್ವಲ್ಪವೇ ದೊಡ್ಡ ಚಡ್ಡಿ ಧರಿಸಿದ ಪರದೇಶದವರು, ಎಲ್ಲರೂ ಸರತಿಯ ಸಾಲಿನಲ್ಲಿ ಬೆವರುತ್ತ ನಿಂತಿದ್ದರು. ತಪಾಸಣೆಯ ಕಟ್ಟೆ ಹತ್ತಿರವಾದಾಗ ಗುರುಪಾದಪ್ಪನು ಜೇಬಿನಿಂದ ಗಂಟನ್ನು ತೆಗೆದು, ಬಗ್ಗಿ, ಜೇನಿನಂಥ ದನಿಯಲ್ಲಿ ನುಡಿದನು.

"ಬೀಗ್ರ, ಇದನ್ನ ಒಂಚೂರು ಹಿಡಕೋರಿ. ನಾ ಚಪ್ಲಿ ಉಂಗುಟ ಸರಿ ಮಾಡ್ಕೋತೀನಿ."

"ತರ್ರಿ, ತರ್ರಿ" ಎಂದು ಸಂಗನಬಸಪ್ಪನವರು ಗಾಳಿಯಲ್ಲಿ ಒಂದೆರಡು ಸಲ ಕೈ ಚಾಚಿ, ಆಮೇಲೆ ಗಂಟನ್ನು ಹಿಡಿದರು. ಅದು ಏನೆಂದೂ ಕೇಳಲಿಲ್ಲ. ಗುರುಪಾದಪ್ಪನ ಎದೆ ಒಂದು ಕ್ಷಣ ಚುರುಕ್ಕೆಂದಿತು. ಆದರೆ ಒಳಗಿನ ಬಾಲಕನು "ನಡಿ ನಡಿ" ಎಂದು ಹಿಂದಿನಿಂದ ದಬ್ಬಿದನು.

ವೀರನು ತಪಾಸಣೆಯಲ್ಲಿ ಎರಡೂ ಕೈ ಎತ್ತಿ, ನಿರಾಯುಧನೆಂದು ಸಾಬೀತಾಗಿ, ಆಚೆ ದಾಟಿದನು. ಹಿಂತಿರುಗಿ ನೋಡಿದರೆ ಕಾವಲುಗಾರನು ಚಟ್ನಿಯ ಗಂಟನ್ನು ಮೂಸುತ್ತ, ಸೀನುತ್ತ, ಮತ್ತೆ ಮೂಸುತ್ತ ಇದ್ದನು. ಗೆದ್ದೆ ಎಂದುಕೊಂಡು ಗುರುಪಾದಪ್ಪನು ಧೋತರದ ಚುಂಗು ಎತ್ತಿ ಹಿಡಿದು ಓಡಿದನು. ಕೆಂಪುಗಲ್ಲಿನ ಮಹಾದ್ವಾರ ಎದುರಾಯಿತು. ಅದರ ಕಮಾನಿನ ನಟ್ಟನಡುವೆ ನಿಂತರೆ ತಾಜ್ ಮಹಲು ಒಮ್ಮೆಲೇ ಕಾಣುತ್ತದೆಂದು ಅವನು ಕೇಳಿ ತಿಳಿದಿದ್ದನು. ಅರೆಬರೆಯಾಗಿ ಮೂಲೆಯಿಂದ ಕಾಣಬಾರದು, ಕಂಡರೆ ಇಡಿಯಾಗಿ ಕಾಣಬೇಕು. ಆದ್ದರಿಂದ ಆತನು ಕಣ್ಣು ಗಟ್ಟಿಯಾಗಿ ಮುಚ್ಚಿ, ಕೈ ಮುಂದೆ ಚಾಚಿ, ಎರಡು ರಾಜ್ಯದವರ ಕಾಲು ತುಳಿದು, ಗೋಡೆಗೆ ಹಾಯ್ದು, ಅಂತೂ ನಡುವೆ ಬಂದು ನಿಂತನು. ಕಿವಿಯಲ್ಲಿ ಪೆಟ್ಟಿಗೆಯವನ ತಾಳ ಕುಟ್ಟತೊಡಗಿತು. ಇನ್ನ ನೋಡ್ರಿ, ಆಗ್ರಾ ಪಟ್ಟಣದ...

ಕಣ್ಣು ತೆರೆದನು. ಮುಂದೆ ಹಳದಿ ರುಮಾಲು.

ಜರಿಯಂಚು ಬಿಸಿಲಿಗೆ ಥಳಥಳಿಸುತ್ತಿತ್ತು. ಅದರ ಪಕ್ಕದಲ್ಲಿ ಬೇರೊಬ್ಬ ಕಾವಲುಗಾರನು ಬೀಗರ ಮೊಣಕೈಯನ್ನು ಭಕ್ತಿಯಿಂದ ಹಿಡಿದು ನಿಂತಿದ್ದನು. ಭೂಮಿ ಬಿರಿಯಲಿಲ್ಲ, ಸಿಡಿಲು ಬೀಳಲಿಲ್ಲ. ಆದರೆ ಗುರುಪಾದಪ್ಪನೊಳಗೆ ಐದು ದಶಕಗಳಿಂದ ಮುಚ್ಚಿಟ್ಟಿದ್ದ ಮುಚ್ಚಳ ಹಾರಿತು. ಸುವರ್ಣಾಳೂ ಬಸಲಿಂಗವ್ವಳೂ ರಿವಾಜೂ ಎಲ್ಲ ಮರೆತು, ಯಾವ ಹೆಣ್ಣಿನ ತಂದೆಯೂ ಆಡದ ಆ ಮಾತನ್ನು ಅವನು ಆಡಿಯೇಬಿಟ್ಟನು.

"ಬೀಗ್ರ, ತಲಿ ಸರಸ್ರಿ."

ರುಮಾಲು ನಿಧಾನವಾಗಿ ತಿರುಗಿತು. ಗುರುಪಾದಪ್ಪನ ಕಣ್ಣ ಮುಂದೆ ಮಗಳ ಮುಖ ಬಂತು.

"ಯಾರು, ಗುರುಪಾದಪ್ಪನವರ?" ಎಂದರು ಸಂಗನಬಸಪ್ಪನವರು, ಅವನ ಕಿವಿಯ ಪಕ್ಕದ ಗಾಳಿಯನ್ನು ನೋಡುತ್ತ. ಮುಖದ ಮೇಲೆ ಸಿಟ್ಟಿನ ಸುಳಿವೇ ಇರಲಿಲ್ಲ. "ಬಂದ್ರೇನ್ರಿ? ಛಲೋ ಆತು. ನೀವು ಹೋದ ಮ್ಯಾಲ ನಾ ತಡವರಿಸಾಕತ್ತಿದ್ದೆ. ಕುರುಡ ಅಂತ ತಿಳದು ಈ ಪುಣ್ಯಾತ್ಮ ಸೀದಾ ಒಳಗ ಕರಕೊಂಡು ಬಂದ."

"ಕುರುಡ? ನೀವ್ಯಾಕ್ರಿ?"

ಬೀಗರು ದನಿ ತಗ್ಗಿಸಿದರು. "ನಿಮ್ಮ ಮುಂದ ಹೇಳಾಕ ನಾಚಿಕಿ ಬಂದಿತ್ರಿ. ಮೊದಲನೇ ದಿನ ಚಹಾಕ್ಕ ಇಳಿಯೂ ಮುಂದ ಕಣ್ಣಿನ ಚಾಳೀಸ ಸೀಟಿನ ಮ್ಯಾಲ ಇಟ್ಟಿದ್ದೆ. ಬಂದು ನೋಡಿದ್ರ ಇಲ್ಲ. ಯಾರ್ ಒಯ್ದರೋ ಏನೋ. ಹುಬ್ಬಳ್ಳಿ ಡಾಕ್ಟರ್ ಮಾಡಿ ಕೊಟ್ಟಿದ್ದು, ಇನ್ನ ಊರಿಗೆ ಹೋದ ಮ್ಯಾಲ. ಮುಂದ ಹೋಗಿ ನಿಂತ್ರ ಏನಾರ ಕಂಡೀತು ಅಂತ ಎಲ್ಲಾ ಕಡೆ ಮುಂದ ನಿಂತೆ. ಎಲ್ಲಾ ಒಂದ ನಮೂನಿ ಮಂಜ ಮಂಜ ಐತ್ರಿ."

ಕರಕ್. ಗುರುಪಾದಪ್ಪನ ಪೃಷ್ಠಭಾಗವು ಆ ಶಬ್ದವನ್ನು ಸ್ಪಷ್ಟವಾಗಿ ನೆನಪಿಸಿಕೊಂಡಿತು. ಹಪ್ಪಳವು ಅಷ್ಟು ಗಟ್ಟಿ ಇರುವುದಿಲ್ಲ ಎಂದು ಆಗಲೇ ಅನ್ನಿಸಬೇಕಾಗಿತ್ತು. ಆ ಹಪ್ಪಳದ ಸಂಗತಿಯನ್ನು ಅವನು ಬೀಗರಿಗೆ ಎಂದೂ ಹೇಳಲಿಲ್ಲ. ಆದರೆ ಬೀಗರ ಕೈಯನ್ನು ಕಾವಲುಗಾರನಿಂದ ತಾನು ಇಸಿದುಕೊಂಡನು.

"ತಾಜ್ ಮಹಲ್ ಇಲ್ಲೇ ಐತೇನ್ರಿ?" ಬೀಗರು ಕೇಳಿದರು. "ಹ್ಯಾಂಗೈತಿ, ಹೇಳ್ರಿ."

ಆಗ ಗುರುಪಾದಪ್ಪನು ತಲೆಯೆತ್ತಿದನು. ಮುಂದೆ ಅಣ್ಣನ ತಲೆಯಿಲ್ಲ, ರುಮಾಲಿಲ್ಲ. ಬಾಲ್ಯದಿಂದ ಕಾದ ಆ ಧವಳಸೌಧವು ಕೊಳದ ನೀರಿನಾಚೆ ಇಡಿಯಾಗಿ, ತೀರಾ ಎದುರಿಗೆ, ಅವನೊಬ್ಬನಿಗೇ ಎಂಬಂತೆ ನಿಂತಿತ್ತು. ಅವನ ಕಣ್ಣು ತುಂಬಿ ಬಂತು. ಎಂಥೆಂಥ ಉಪಮೆಗಳು, ಎಂಥೆಂಥ ಶಬ್ದಗಳು, ಪೆಟ್ಟಿಗೆಯವನ ಇಡೀ ಹಾಡು ನಾಲಗೆಯ ತುದಿಗೆ ನುಗ್ಗಿ ಬಂದವು. ಅಖಿಲ ಭರತಖಂಡವೂ ಕಿವಿಯಾಗಿ ನಿಂತಿತು.

"ಬೆಳ್ಳಗ ಐತ್ರಿ" ಎಂದನು.

"ಮತ್ತ?"

"ದೊಡ್ಡದ ಐತ್ರಿ."

"ಮತ್ತ?"

ವೀರನು ತನ್ನ ಸರ್ವಶಕ್ತಿಯನ್ನೂ ಒಟ್ಟುಗೂಡಿಸಿದನು. "ನಡಬರಕ ಡಬರಿ ಬೋರಲ ಹಾಕಿದಂಗ ಐತ್ರಿ."

ಬೀಗರು ರುಮಾಲನ್ನು ಅತ್ತಿತ್ತ ಆಡಿಸಿ ಯೋಚಿಸಿದರು. "ಎಷ್ಟ್ ಲೀಟರಿಂದ್ರಿ?"

"ನಮ್ಮ ಅಂಗಡ್ಯಾಗ ಇಲ್ಲದ ಸೈಜ್ರಿ."

"ಭಾಳ ಛಲೋ" ಎಂದು ಸಂಗನಬಸಪ್ಪನವರು ತೃಪ್ತರಾಗಿ ಕೈ ಮುಗಿದರು, ಸ್ವಲ್ಪ ಬೇರೆ ದಿಕ್ಕಿಗೆ. ಗುರುಪಾದಪ್ಪನು ಅವರ ಭುಜ ಹಿಡಿದು ನೇರಕ್ಕೆ ತಿರುಗಿಸಿದನು.

ಅಲ್ಲಿಂದ ಮುಂದೆ ಮುಂದಿನ ಸೀಟಿಗಾಗಿ ಟವೆಲ್ ಬೀಳಲಿಲ್ಲ. ಇಬ್ಬರೂ ಅಕ್ಕಪಕ್ಕ ಕುಳಿತರು, ಬಸಲಿಂಗವ್ವ ಹಿಂದಿನ ಸೀಟಿಗೆ ಹೋಗಿ ಆರಾಮಾಗಿ ನಿದ್ದೆ ಮಾಡಿದಳು. ದಿಲ್ಲಿಯ ಕುತುಬ್ ಮಿನಾರು "ಉದ್ದಕ ಐತ್ರಿ" ಎಂದಾಯಿತು. ಹರಿದ್ವಾರದ ಗಂಗೆ "ಹರ್ಯಾಕತ್ತೈತ್ರಿ" ಎಂದಾಯಿತು. ಕಟ್ಟಕಡೆಗೆ ಬೆಟ್ಟದ ತಿರುವೊಂದರಲ್ಲಿ ಮೋಡ ಸರಿದು, ದೇವತೆಗಳೂ ತಲೆಬಾಗುವ ಹಿಮವಂತನು ದಿಗಂತದುದ್ದಕ್ಕೂ ಕಾಣಿಸಿಕೊಂಡಾಗ, ಬಸ್ಸಿನವರೆಲ್ಲ ಮಾತು ಮರೆತರು. ಬೀಗರು ಮೊಣಕೈಯಿಂದ ತಿವಿದರು.

"ಏನ್ ಬಂತ್ರಿ?"

"ಹಿಮಾಲಯರಿ. ಇದೂ ಬೆಳ್ಳಗ ಐತ್ರಿ."

"ಡಬರಿ?"

"ಡಬರಿ ಇಲ್ರಿ."

"ಹಂಗಾದ್ರ ಆಗ್ರಾದ್ದ ಛಲೋ ಇತ್ತು ಬಿಡ್ರಿ" ಎಂದು ಸಂಗನಬಸಪ್ಪನವರು ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು.