ಮೂರನೇ ಮಹಡಿಯ ಗದಗಿನ ಬಸ್ಸು

ಅಳತೆಯ ವಿಷಯದಲ್ಲಿ ನನ್ನನ್ನು ಯಾರೂ ನಂಬಬಾರದು. ನಾಲ್ವರಿಗೆಂದು ಅನ್ನಕ್ಕಿಟ್ಟರೆ ಮರುದಿನ ಮನೆಮಂದಿಯೆಲ್ಲ ಚಿತ್ರಾನ್ನ ತಿನ್ನಬೇಕಾಗುತ್ತದೆ. ಪರದೆ ಹೊಲಿಸಿದರೆ ಅದು ಕಿಟಕಿಯ ಮೊಣಕಾಲಿಗೇ ನಿಂತುಬಿಡುತ್ತದೆ. ಇಂಥವಳು ವಿಶಾಖಪಟ್ಟಣದ ನಮ್ಮ ಮೂರನೇ ಮಹಡಿಯ ಬಾಲ್ಕನಿಗೆ ರೇಲಿಂಗಿನ ಅಳತೆ ತೆಗೆಯಬೇಕಾಗಿ ಬಂದದ್ದು ನಮ್ಮವ್ವನಿಂದ. ಅಪ್ಪ ತೀರಿಕೊಂಡ ಮೇಲೆ ಗದಗಿನಿಂದ ಬಂದು ನಮ್ಮೊಡನಿರುವ ಅವ್ವನಿಗೆ ಮರೆವಿನ ಕಾಯಿಲೆ. ನನ್ನ ಹೆಸರು ಮರೆತಿದ್ದಾಳೆ, ತೆಲುಗಿನ ಅಳಿಯನನ್ನು ಡಾಕ್ಟರೆಂದುಕೊಂಡು ದಿನಾ ನಾಲಿಗೆ ತೋರಿಸುತ್ತಾಳೆ. ಗದಗಿನ ಬಸ್ಸನ್ನು ಮಾತ್ರ ಮರೆತಿಲ್ಲ.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದರೆ ಅವ್ವ ಕಂಕುಳಲ್ಲಿ ಕೈಚೀಲ ಅವುಚಿಕೊಂಡು ರೇಲಿಂಗಿನ ಅಡ್ಡ ಪೈಪಿನ ಮೇಲೆ ನಿಂತಿದ್ದಳು. ಒಂದು ಕಾಲು ಆಗಲೇ ಆಚೆ. ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿದ ಪೈಪು ಕಿರುಗುಟ್ಟುತ್ತಿತ್ತು. ಸೊಂಟ ತಬ್ಬಿ ಎಳೆದೆ. ಇಬ್ಬರೂ ಒದ್ದೆ ಬಟ್ಟೆಯ ಬಕೆಟ್ಟಿನ ಮೇಲೆ ಬಿದ್ದೆವು.

"ಎಂಥಾ ಹೆಂಗಸವ್ವಾ ನೀ! ಹತ್ತೂ ಮುಂದ ಯಾಕ ಜಗ್ಗತಿ? ಬಸ್ ಹೋಗೇ ಬಿಡ್ತು ನೋಡು" ಎಂದು ಅವ್ವ ಬೈದಳು.

ವಿಜಯವಾಡದ ಆಟೋನಗರ್‌ನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಮೈದುನ ಸೂರಿಬಾಬುವಿಗೆ ಹೊಸ ರೇಲಿಂಗ್ ಬೇಕೆಂದು ಫೋನು ಮಾಡಿದೆ. ಅವನು ಮಾತಾಡುವುದು ತೆಲುಗು, ಅತ್ತಿಗೆಯಾದ ನಾನು ಅವನಿಗೆ 'ವದಿನ'. "ಎತ್ತರ ಎಷ್ಟಿರಲಿ ವದಿನಾ?" ಎಂದ. ನನ್ನ ಭುಜದವರೆಗೆ ಸಾಕು ಎಂದೆ. "ನಿಮ್ಮ ಭುಜ ಯಾಕೆ ವದಿನಾ, ಹತ್ತೋದು ಅಮ್ಮಗಾರು. ಅವರ ಕೈ ಎಲ್ಲೀವರೆಗೆ ಎಟುಕುತ್ತೆ, ಕಾಲು ಎಷ್ಟು ಮೇಲೆ ಬರುತ್ತೆ, ನೋಡಿ ಹೇಳಿ."

ಟೇಪು ಹಿಡಿದು ಹೋದಾಗ ಅವ್ವ ತಾನಾಗಿಯೇ ಕೈ ಎತ್ತಿ ನಿಂತಳು. "ರವಿಕಿ ಕಂಕುಳಾಗ ಬಿಗಿ ಮಾಡಬ್ಯಾಡ. ಹ್ವಾದ ಸಲ ಉಸಿರು ಕಟ್ಟತಿತ್ತು." ಆಯಿತವ್ವಾ ಎಂದೆ. ಹೆತ್ತ ತಾಯಿಯ ಪಂಜರಕ್ಕೆ ಅವಳದೇ ಅಳತೆ ತೆಗೆಯುವಾಗ ಅವಳ ಮುಖ ನೋಡುವುದು ನನ್ನಿಂದಾಗಲಿಲ್ಲ.

ಅಡ್ಡ ಪೈಪೇ ಬೇಡ, ಅದು ಮೆಟ್ಟಿಲಾಗುತ್ತದೆ, ಬರೀ ನೆಟ್ಟನೆಯ ಸರಳು ಸಾಕು ಎಂದ ಸೂರಿಬಾಬು. ಬಾಲ್ಕನಿಯ ಉದ್ದವನ್ನು ಸಂದಿನ ಅಗಲದಿಂದ ಭಾಗಿಸಿ ಸರಳಿನ ಲೆಕ್ಕ ಕಳಿಸಿದೆ. ಅವನು ಎಲ್ಲ ಹೊತ್ತು ತಂದು ಜೋಡಿಸಿದಾಗ ತಿಳಿಯಿತು, ಮೂಲೆ ತಿರುಗಿದ ಮೇಲಿನ ಗಿಡ್ಡ ಬದಿಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನುಷ್ಯರು ಬೀಳಲು ಅಷ್ಟು ಜಾಗ ಧಾರಾಳ. "ಪರವಾಗಿಲ್ಲ ವದಿನಾ" ಎಂದು ಹೋದವನು ಮರುವಾರ ಹಳೆಯ ಲಾರಿಯ ಹಿಂಬಾಗಿಲು ತಂದು, ಉದ್ದಕ್ಕೆ ನಿಲ್ಲಿಸಿ ಬೆಸೆದ. ಅದರ ಮೇಲೆ ಕಮಲದ ಹೂವಿದೆ. ಪಕ್ಕದಲ್ಲಿ ತೆಲುಗಿನಲ್ಲಿ 'ಮತ್ತೆ ಸಿಗೋಣ' ಎಂದಿದೆ. ಬೀದಿಯವರು ತಲೆಯೆತ್ತಿ, ಕತ್ತು ವಾಲಿಸಿ ಓದಿಕೊಂಡು ಹೋಗುತ್ತಾರೆ.

ಮೊನ್ನೆ ನಾನು ಬಾಲ್ಕನಿಯಲ್ಲಿ ನಿಂತು ಸರಳುಗಳಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರುತ್ತಿದ್ದೆ. ಅವ್ವ ಬಾಗಿಲಿಗೆ ಬಂದು ನನ್ನನ್ನೂ ಸರಳುಗಳನ್ನೂ ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿತು.

"ಏನ್ ತಪ್ಪ ಮಾಡಿದ್ಯವ್ವಾ ನೀ? ನಿನ್ನ ಹಿಂಗ ಒಳಗ ಹಾಕ್ಯಾರಲ್ಲ?"

ಅವ್ವ ಸೆರಗಿನ ಗಂಟು ಬಿಚ್ಚಿ ಮುರಿದ ಬಿಸ್ಕತ್ತು ತೆಗೆದಳು. "ತಿನ್ನು. ನಿಮ್ಮ ಮಂದಿ ಬಿಡಿಸಾಕ ಬರತಾರ. ಎಷ್ಟ ದಿನ ಅಂತ ಹೇಳ್ಯಾರ?"

"ಗೊತ್ತಿಲ್ಲವ್ವಾ" ಎಂದು ಎಣ್ಣೆಗೈಯನ್ನು ಸೀರೆಗೆ ಒರೆಸಿ, ಕೈದಿಯ ಹಾಗೆಯೇ ಚಾಚಿದೆ.