ಬಾಲ್‌ಡೌರಿ ಮಹಲಿನ ಸುಳ್ಳು ಬಾಗಿಲಿನ ಬಗ್ಗೆ ಒಂದು ಅಹವಾಲು

ಬಾಲ್‌ಡೌರಿ ಚರ್ಚಿನ ಅಂಗಳದಲ್ಲಿ ಇನ್ನೂರು ಚಿಲ್ಲರೆ ವರ್ಷಗಳಿಂದ ಸುಖನಿದ್ರೆಯಲ್ಲಿರುವ, ನಮ್ಮ ಮಹಲಿನ ವಾಸ್ತುಶಿಲ್ಪಿ ಶ್ರೀಮಾನ್ ಹರ್ಕ್ಯುಲಿಸ್ ಟಲ್ಲಿಡೆಫ್ ಅವರ ಸನ್ನಿಧಿಗೆ,

ಮಾನ್ಯರೇ,

ಅದೇ ಮಹಲಿನ ಅಡುಗೆಯವಳಾದ ಎಫಿ ಗೆಡ್ಡಿಸ್ ಮಾಡುವ ಅನಂತ ನಮಸ್ಕಾರಗಳು. ತಾವು ಅಲ್ಲಿ ತಣ್ಣಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನನ್ನ ಸಾರೂ ಹಾಗೆಯೇ ಇದೆ.

ಅತಿಥಿಗಳ ಮೂಗಿಗೆ ಎಲೆಕೋಸಿನ ವಾಸನೆ ಬಡಿಯಬಾರದೆಂಬ ತಮ್ಮ ದಯೆಯಿಂದಾಗಿ, ಊಟದ ಕೋಣೆಯ ಗೋಡೆಗೇ ಅಂಟಿಕೊಂಡಿರುವ ಅಡುಗೆಮನೆಯಿಂದ ಆ ಕೋಣೆಗೆ ಹೋಗಲು ನಾನು ಹಿತ್ತಲು ದಾಟಿ, ನೆಲಮಾಳಿಗೆಗೆ ಇಳಿದು, ಹಳೆಯ ಗೋಪುರದ ಸುರುಳಿ ಮೆಟ್ಟಿಲು ಹತ್ತಿ, ಪೂರ್ವಜರ ಚಿತ್ರಗಳ ಉದ್ದನೆಯ ಹಜಾರವನ್ನು ಹಾಯಬೇಕು. ಊಟದ ಕೋಣೆಯ ಪಶ್ಚಿಮಕ್ಕೊಂದು ಬಾಗಿಲಿಟ್ಟ ತಾವು, ಅಂದಕ್ಕೆ ಕುಂದಾಗಬಾರದೆಂದು ಅದರೆದುರಿಗೆ, ಅಡುಗೆಮನೆಯ ಗೋಡೆಯಲ್ಲಿ, ಹಿತ್ತಾಳೆಯ ಹಿಡಿಕೆಯಿರುವ ಇನ್ನೊಂದು ಬಾಗಿಲನ್ನೂ ಕೂರಿಸಿದ್ದೀರಿ. ಅದು ತೆರೆಯುವುದಿಲ್ಲ ಎಂಬ ಒಂದೇ ಕೊರತೆ ಬಿಟ್ಟರೆ ಅಂಥ ಚೆಂದದ ಬಾಗಿಲು ಇಡೀ ಸ್ಕಾಟ್ಲೆಂಡಿನಲ್ಲಿ ಸಿಗಲಾರದು.

ನನ್ನ ತಾಯಿಯೂ ಇಲ್ಲಿ ಅಡುಗೆ ಮಾಡಿದವಳು, ಊರವರ ಬಾಯಲ್ಲಿ ‘ತಣ್ಣನೆ ಗೆಡ್ಡಿಸ್’ ಆಗಿಯೇ ಸತ್ತಳು. ಈಗ ಯಜಮಾನಿಯವರು ನನ್ನನ್ನು ಕೇಳುತ್ತಾರೆ: “ಏನಮ್ಮಾ ಎಫಿ, ಇದನ್ನ ಒಲೆಯಿಂದ ತಂದ್ಯಾ, ಕೆರೆಯಿಂದ ಮೊಗೆದ್ಯಾ?” ಒಮ್ಮೆಯಾದರೂ ನನ್ನ ಸಾರನ್ನು ಯಾರಾದರೂ ಬಿಸಿಯಾಗಿ ಕುಡಿಯಲಿ ಎಂಬುದಷ್ಟೇ ನನ್ನ ಆಸೆ.

ಸಂತ ಆಂಡ್ರೂ ಹಬ್ಬದ ಔತಣದಂದು ನಮ್ಮ ಖಾಯಂ ಬ್ಯಾಗ್‌ಪೈಪಿನವನಿಗೆ ಶೀತವಾಗಿ, ಸ್ಕೈ ದ್ವೀಪದ ಲಾಕ್ಲನ್ ಮ್ಯಾಕ್‌ಫೀ ಬಂದಿದ್ದ. ವಾದ್ಯದವನು ಒಂದು ಬಾಗಿಲಿಂದ ಬಂದು, ಮೇಜಿಗೊಂದು ಸುತ್ತು ಹಾಕಿ, ಊದುವುದನ್ನು ನಿಲ್ಲಿಸದೆ ಎದುರು ಬಾಗಿಲಿಂದ ಹೊರಡುವುದು ಅವನ ಕಡೆಯ ರೂಢಿಯಂತೆ. ಅವನ ಹಿಂದೆ ಕುರಿಮಾಂಸದ ಹ್ಯಾಗಿಸ್ ಕಡುಬಿನ ತಟ್ಟೆ ಹೊತ್ತ ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಗಂಭೀರವಾಗಿ ನಡೆದು ತಮ್ಮ ಬಾಗಿಲಿಗೇ ಡಿಕ್ಕಿ ಹೊಡೆದ. ವಾದ್ಯ ಕಿರುಚಿತು, ಹ್ಯಾಗಿಸ್ ನಾಯಿಗಳ ಪಾಲಾಯಿತು, ಹಲಗೆ ಸೀಳಿ ಕಿಂಡಿಬಿದ್ದು ಆಚೆಗೆ ನನ್ನ ಒಲೆ ಕಂಡಿತು.

“ಹಿಡಿಕೆ ಇಟ್ಮೇಲೆ ತೆಗೀಬೇಕಲ್ರೀ! ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?” ಎಂದು ಅವನು ಮೂಗು ಹಿಡಿದುಕೊಂಡು ಕೂಗಿದ. ತಮ್ಮ ಹೆಸರನ್ನು ಗೌರವದಿಂದಲೇ ಹೇಳಿದೆ.

ಅತಿಥಿಗಳು ಹಸಿದಿದ್ದರು. ನಾನು ಅಡುಗೆಮನೆಗೆ ಓಡಿ, ಕುದಿಯುತ್ತಿದ್ದ ಕೋಳಿಸಾರನ್ನು ಬಟ್ಟಲಿಗೆ ಹಾಕಿ ಆ ಕಿಂಡಿಯಲ್ಲೇ ದಾಟಿಸಿದೆ. ಯಜಮಾನಿಯವರು ಒಂದು ಚಮಚ ಬಾಯಿಗಿಟ್ಟು, “ಅಯ್ಯಯ್ಯೋ, ನಾಲಿಗೆ ಸುಟ್ಟೋಯ್ತು!” ಎಂದು ಚೀರಿದರು. ಮಾನ್ಯರೇ, ನಾನು ಒಲೆಯ ಪಕ್ಕ ಕೂತು ಸಂತೋಷದಿಂದ ಅತ್ತುಬಿಟ್ಟೆ.

ಈಗ ಪುರಾತನ ಕಟ್ಟಡಗಳ ಇಲಾಖೆಯವರು, ಈ ಬಾಗಿಲು ಸುಳ್ಳಾಗಿದ್ದುದರಿಂದಲೇ ಅಮೂಲ್ಯವೆಂದೂ, ಅದನ್ನು ಮತ್ತೆ ಮೊದಲಿನಷ್ಟೇ ಸುಳ್ಳು ಮಾಡಬೇಕೆಂದೂ ಹೇಳಿದ್ದಾರೆ. ಆದ್ದರಿಂದ ತಾವು ಒಂದು ಮಧ್ಯಾಹ್ನದ ಮಟ್ಟಿಗೆ ಎದ್ದು ಬಂದು, ಕಿಂಡಿ ತಮ್ಮ ನಕ್ಷೆಯಲ್ಲೇ ಇತ್ತೆಂದು ಸಾಕ್ಷಿ ಹೇಳಬೇಕೆಂದು ಕೋರುತ್ತೇನೆ. ಎದ್ದದ್ದೇ ಆದರೆ ಹಿತ್ತಲಿನಿಂದ ಒಂದು ಪಾತ್ರೆ ಹೊತ್ತು ತಮ್ಮ ದಾರಿಯಲ್ಲೊಮ್ಮೆ ನಡೆದೂ ನೋಡಬಹುದು.

ಇಂತಿ, ತಮ್ಮ ಗೋಡೆಯಾಚೆಗಿನ ವಿಶ್ವಾಸಿ,
ಎಫಿ ಗೆಡ್ಡಿಸ್

ಮರೆತ ಮಾತು: ತಾವು ಏಳುವ ತೊಂದರೆ ತೆಗೆದುಕೊಳ್ಳಬೇಡಿ. ಇಲಾಖೆಯ ಅಧಿಕಾರಿ ನಿನ್ನೆ ಬಂದಿದ್ದರು. ಮೊದಲ ಬಟ್ಟಲನ್ನು ತಮ್ಮ ಗೌರವಾರ್ಥ ತಮ್ಮ ದಾರಿಯಲ್ಲೇ ಕಳಿಸಿದೆ, ಎರಡನೆಯದನ್ನು ಕಿಂಡಿಯಲ್ಲಿ. ಕಿಂಡಿಯನ್ನು ಮುಚ್ಚುವ ಮುನ್ನ ಅದರ ಆಳವಾದ ಅಧ್ಯಯನ ನಡೆಯಬೇಕೆಂದು ಅವರಿಗೆ ಈಗ ಅನ್ನಿಸಿದೆಯಂತೆ. ಅದಕ್ಕಾಗಿ ಪ್ರತಿ ಗುರುವಾರ ಊಟದ ಹೊತ್ತಿಗೆ ಬರುತ್ತಾರೆ.