ಅಗಲ ಗಾಲಿಯೂ ಇಳಿಯದ ಅಜ್ಜನೂ

ಬಾಡಿಗೆ ಕಾರು ಓಡಿಸುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಆಗಲಿಲ್ಲವೆಂದರೆ ಅವನು ಗಾಡಿಯನ್ನು ಶೆಡ್ಡಿನಿಂದ ಆಚೆ ತೆಗೆದೇ ಇಲ್ಲ ಎಂದರ್ಥ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಚನ್ನಗಿರಿಯಲ್ಲಿ, ಜವಳಿ ಅಂಗಡಿ ಇಟ್ಟಿದ್ದ ಸಾಹುಕಾರರೊಬ್ಬರ ಕರಿ ಅಂಬಾಸಿಡರ್ ಓಡಿಸುತ್ತಿದ್ದೆ. ದೆವ್ವಕ್ಕೆ ನಾನು ಹೆದರುವವನಲ್ಲ. ಮುಂದೆ ಓದುತ್ತಾ ನಿಮಗೆ ಅನುಮಾನ ಬರಬಹುದು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಮಾತಾಡದ ಪ್ರಯಾಣಿಕ

ಆ ವಾರ ಎರಡು ಸಂಗತಿ ನಡೆದವು. ಮೊದಲನೆಯದು, ಸಾಹುಕಾರರು ದಾವಣಗೆರೆಯ ಗುಜರಿಯಿಂದ ಬೇರೆ ಯಾವುದೋ ಗಾಡಿಯ ದೊಡ್ಡ, ಅಗಲವಾದ ಗಾಲಿಗಳನ್ನು ತಂದರು. ಅವು ನಮ್ಮ ಗಾಡಿಗೆ ಕೂರಲಿಲ್ಲ. ರಿಮ್ಮಿನ ನಡುವಿನ ತಟ್ಟೆಯನ್ನು ಕತ್ತರಿಸಿ, ಒಳಕ್ಕೆ ಸರಿಸಿ, ವೆಲ್ಡಿಂಗ್ ಮಾಡಿಸಿ ಕೂರಿಸಿದರು. ಗಾಲಿಗಳು ಮಡ್ಗಾರ್ಡಿನಿಂದ ಹೊರಗೆ ಬಂದು ನಿಂತವು. ಸ್ಟೇರಿಂಗ್ ಭಾರ ಆಗಿದೆ ಎಂದು ನಾನು ಹೇಳಿದೆ. "ಗಾಡಿ ಎದೆ ಉಬ್ಬಿಸ್ಕಂಡು ನಿಂತೈತೆ, ಅದನ್ನ ನೋಡು" ಅಂದರು.

ಎರಡನೆಯದು, ದಾವಣಗೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡ ಒಬ್ಬ ಅಜ್ಜನನ್ನು ಹೊನ್ನಾಳಿಗೆ ಮುಟ್ಟಿಸಿದೆ. ಮಲಗಿಸಲು ಜಾಗವಿಲ್ಲದೆ ಹಿಂದಿನ ಸೀಟಿನ ಎಡಗಡೆ ಕಿಟಕಿಗೆ ಒರಗಿಸಿ, ಕಿವಿಗೆ ಮಫ್ಲರ್ ಸುತ್ತಿ ಕೂರಿಸಿದ್ದರು. ಪಕ್ಕದಲ್ಲಿ ಅವರ ಮಗ ತಲೆ ತಗ್ಗಿಸಿ ಕೂತಿದ್ದ. ದಾರಿಯಲ್ಲಿ ಒಬ್ಬರು ಕೈ ತೋರಿಸಿ ಮುಂದೆ ಹತ್ತಿದರು. ಬಾಯಿ ಸುಮ್ಮನಿರದ ಮನುಷ್ಯ. ಹಿಂದೆ ತಿರುಗಿ ಅಜ್ಜನನ್ನು ಯಾವೂರು, ಮಳೆ ಹೆಂಗೆ, ಮಕ್ಕಳೆಷ್ಟು ಎಂದೆಲ್ಲ ಕೇಳಿದರು. ಹೇಳಿದರೆ ಓಡುವ ಗಾಡಿಯಿಂದ ಹಾರಿಯಾರು ಎಂದು ನಾನು ಸುಮ್ಮನಿದ್ದೆ. ಇಳಿಯುವಾಗ ಅವರು ನನ್ನ ಕಿವಿಯ ಹತ್ತಿರ ಬಗ್ಗಿ ಅಂದರು: "ಅಜ್ಜಂಗೆ ಬಾಳ ಸೊಕ್ಕು ಕಣ್ರಿ."

ನಾಲ್ಕನೆಯವರು

ಮಾರನೆಯ ದಿನದಿಂದ ಶುರುವಾಯಿತು. ಹಿಂದಿನ ಸೀಟಿನಲ್ಲಿ ಮೂವರು ಕೂತರೆ ಏನೂ ಇಲ್ಲ. ನಾಲ್ಕನೆಯವರು ತುರುಕಿಕೊಂಡು ಕೂತು, ಗಾಡಿ ಗುಂಡಿಗೆ ಇಳಿಯಿತೋ, ಸೀಟಿನ ಅಡಿಯಿಂದ ಗರ್ರ್ ಎಂದು ಮುದುಕರು ಗಂಟಲು ಸರಿಮಾಡಿಕೊಂಡ ಸದ್ದು. ಸುಡುವ ಮಧ್ಯಾಹ್ನದಲ್ಲೂ ನಾನು ಕನ್ನಡಿಯಲ್ಲಿ ಹಿಂದೆ ನೋಡುತ್ತಿರಲಿಲ್ಲ. ಅಜ್ಜ ಇಳಿದೇ ಇಲ್ಲ, ಇಕ್ಕಟ್ಟಾದರೆ ಗದರುತ್ತಾನೆ ಎಂದು ಸುದ್ದಿಯಾಯಿತು.

ತಾಲೂಕು ಕಚೇರಿಯ ಗುಮಾಸ್ತರೊಬ್ಬರು ಮಾತ್ರ ನಕ್ಕರು. "ಎಲ್ಲಾ ಮೂಢನಂಬಿಕೆ" ಎಂದು ತಾವೇ ನಾಲ್ಕನೆಯವರಾಗಿ ಅಜ್ಜನ ಕಿಟಕಿಯ ಪಕ್ಕ ಕೂತರು. ಊರಾಚೆಯ ಮೋರಿಯ ಹತ್ತಿರ ಗಾಡಿ ಕುಲುಕಿತು. ಗರ್ರ್. ತಿರುಗಿ ನೋಡುವಷ್ಟರಲ್ಲಿ ಅವರು ಸೀಟು ದಾಟಿ ನನ್ನ ಗೇರಿನ ಪಕ್ಕ ಬಂದು ಕೂತಿದ್ದರು. ಏನಾಯಿತು ಸಾರ್ ಎಂದೆ.

"ಏನಿಲ್ಲ. ಮುಂದೆ ಗಾಳಿ ಚೆನ್ನಾಗೈತೆ."

ಸ್ಮಶಾನದ ತಿರುವು

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವಾಗ ಎಡಕ್ಕೆ ಒಂದು ಸ್ಮಶಾನ. ಅಲ್ಲಿ ಡಾಂಬರಿನ ಅಂಚು ಎರಡೂ ಕಡೆ ಕಿತ್ತುಹೋಗಿತ್ತು. ಆ ಜಾಗ ಬಂದರೆ ಸಾಕು, ಸ್ಟೇರಿಂಗನ್ನು ಯಾರೋ ನನ್ನ ಕೈಯಿಂದ ಕಿತ್ತು ಎಡಕ್ಕೆ ಎಳೆದಂತಾಗಿ ಗಾಡಿ ಸ್ಮಶಾನದ ಕಡೆ ಹೊರಳುತ್ತಿತ್ತು. ಸಂಜೆ ವಾಪಸ್ ಬರುವಾಗಲೂ ಎಡಕ್ಕೇ ಎಳೆತ. ಆದರೆ ಆಗ ಎಡಕ್ಕಿರುವುದು ಜೋಳದ ಹೊಲ.

ಪ್ರಯಾಣಿಕರು ಇದನ್ನು ಬಹಳ ಹೊತ್ತು ಚರ್ಚಿಸಿದರು. ಹೋಗುವಾಗ ತನ್ನ ಈಗಿನ ಮನೆ ನೆನಪಾಗಿ ಆ ಕಡೆ ಎಳೆಯುತ್ತಾನೆ, ಸರಿ. ಬರುವಾಗ ಯಾಕೆ ಹೊಲಕ್ಕೆ ನುಗ್ಗುತ್ತಾನೆ? ಕೊನೆಗೆ ಒಬ್ಬರು ಮರುಕದಿಂದ ತೀರ್ಪು ಕೊಟ್ಟರು. "ಪಾಪ, ಹೊತ್ತು ಇಳಿದ ಮ್ಯಾಲೆ ಸ್ಮಶಾನ ಅಂದ್ರೆ ಅವಂಗೂ ಭಯ."

ಹತ್ತಿರ ಬಂದ ಜಗಳೂರು

ಇನ್ನೊಂದು ವಿಚಿತ್ರ. ಜಗಳೂರಿಗೆ ಹೋಗಿಬಂದರೆ ಮೀಟರಿನಲ್ಲಿ ಮೊದಲಿಗಿಂತ ಕಡಿಮೆ ದೂರ ತೋರಿಸುತ್ತಿತ್ತು. "ಜಗಳೂರು ಯಾವಾಗಿಂದ ಇಷ್ಟು ಹತ್ರ ಬಂತೋ? ದಾರ್‍ಯಾಗೆ ಮಲಗಿ ಎದ್ದು ಬಂದ್ಯಾ?" ಎಂದು ಸಾಹುಕಾರರು ಕೇಳಿದರು. ಅಜ್ಜ ನುಂಗಿರಬೇಕು ಎಂದೆ. ಅವರು ನಗಲಿಲ್ಲ. ಆ ಹೊತ್ತಿಗೆ ಬಾಡಿಗೆಗೆ ಒಬ್ಬರೂ ಬರುತ್ತಿರಲಿಲ್ಲ.

"ದೀಪಾವಳಿ ತನಕ ನೋಡ್ತೀನಿ. ಆಮ್ಯಾಲೆ ಗಾಡಿ ಮಾರಾದೇ. ನೀನು ಬ್ಯಾರೆ ಕಡೆ ಕೆಲಸ ನೋಡ್ಕ."

ಆ ಗಾಡಿಯನ್ನು ನಾನು ನನ್ನ ಮುಖಕ್ಕಿಂತ ಹೆಚ್ಚು ಸಲ ತೊಳೆದಿದ್ದೆ. ಬೇರೆ ಕಡೆ ಎಂದರೆ ದೂರದೂರಿನ ಲಾರಿ. ಹೆಂಡತಿ ಮಕ್ಕಳ ಮುಖ ಕಾಣುವುದು ಯಾವಾಗಲೋ. "ಅಜ್ಜಂಗೆ ಏನಾದ್ರೂ ಮಾಡಿಸ್ರಿ ಸಾಹುಕಾರ್ರೇ" ಎಂದು ಕೈ ಮುಗಿದೆ. ಅವರು "ಅಜ್ಜನ್ನ ಸೇರಿಸಿ ಯಾರಾದ್ರೂ ಕೊಂಡ್ಕಂತಾರೇನು, ಮೊದ್ಲು ಕೇಳ್ತೀನಿ" ಅಂದರು.

ಕುಂಕುಮದ ಗೆರೆ

ಕೊಳ್ಳುವವರು ಸಿಗದೆ ಬಿಳಿಚೋಡಿನಿಂದ ಮಂತ್ರವಾದಿಯನ್ನು ಕರೆಸಿದರು. ಅವರು ನಾಲ್ಕೂ ಟಯರಿಗೆ ಕುಂಕುಮ ಮೆತ್ತಿ, ಹಿಂದಿನ ಸೀಟು ತುಂಬಿಸಿ ಒಂದು ಸುತ್ತು ಹೊಡೆಯಲು ಹೇಳಿದರು. ಕೂರಲು ಯಾರೂ ಬರದೆ ಜೋಳದ ಮೂಟೆ ಹಾಕಿದೆವು. ಅಜ್ಜ ಮೂಟೆಗೂ ಗದರಿದ.

ವಾಪಸ್ ಬಂದು ನಿಲ್ಲಿಸಿದಾಗ, ಯಾರೂ ಕೈ ಇಡದ ಮಡ್ಗಾರ್ಡಿನ ಒಳ ಅಂಚಿನಲ್ಲಿ ಕೆಂಪಗೆ ಒಂದು ಗೆರೆ. ಬೆರಳಿಂದ ಎಳೆದಂತೆ ನೆಟ್ಟಗಿತ್ತು. ನೋಡಲು ಬಂದವರು ಹಿಂದೆ ಸರಿದರು. ಸಾಹುಕಾರರು ಚಪ್ಪಲಿ ಬಿಟ್ಟರು. ಮಂತ್ರವಾದಿ ಹೊಟ್ಟೆಯ ಮೇಲೆ ಮಲಗಿ ಬಹಳ ಹೊತ್ತು ನೋಡಿ, ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು.

"ತಮ್ಮಾ, ಗಾಲಿ ಹೊರಕ್ಕೆ ನಿಂತೈತೆ. ಭಾರ ಬಿದ್ರೆ ಮಡ್ಗಾರ್ಡಿಗೆ ಉಜ್ತೈತೆ, ಅದೇ ಸದ್ದು. ಹಿಂಗೆ ಹೊರಗೆ ನಿಂತ ಅಗಲ ಗಾಲಿಗೆ ಎಡಗಡೆ ರೋಡಿನ ಅಂಚು ಸಿಕ್ರೆ ಸ್ಟೇರಿಂಗ್ ಆ ಕಡೆ ಕಿತ್ಕಂತೈತೆ. ದೊಡ್ಡ ಗಾಲಿ ಕಮ್ಮಿ ಸುತ್ತು ತಿರುಗ್ತೈತೆ, ಅದಕ್ಕೇ ಮೀಟರು ಕಮ್ಮಿ."

ಆಮೇಲೆ ಎದ್ದು ನಿಂತು ಜೋರಾಗಿ ಸಾರಿದರು: "ಅಜ್ಜ ಗಾಲ್ಯಾಗೆ ಸೇರ್ಕಂಡಾನೆ. ಹಳೇ ಗಾಲಿ ಹಾಕ್ರಿ." ನನ್ನ ಮಾತು ಕೇಳದ ಸಾಹುಕಾರರು ತಾವೇ ಸ್ಪ್ಯಾನರ್ ಹಿಡಿದರು. ಇಷ್ಟೆಲ್ಲ ನಿಮಗೆ ಹೆಂಗೆ ಗೊತ್ತು ಎಂದು ಮಂತ್ರವಾದಿಯನ್ನು ಕೇಳಿದೆ.

"ಮೊದ್ಲು ಲಾರಿ ಡ್ರೈವರ್ ಇದ್ದೆ. ಹೇಳಿದ್ದು ಯಾವ ಓನರ್ರೂ ಕೇಳ್ತಿರಲಿಲ್ಲ. ಅದಕ್ಕೇ ಈ ಕೆಲಸಕ್ಕೆ ಬಂದೆ."

ಇಳೀರಿ, ಊರು ಬಂತು

ಗಾಡಿ ಸರಿಹೋಯಿತು. ಜನ ಮಾತ್ರ ಮೊದಲಿಗಿಂತ ಹೆದರಿದರು. "ಸದ್ದಿದ್ದಾಗ ಅಜ್ಜ ಎಲ್ಲಿ ಕೂತಾನೆ ಅಂತ ಗೊತ್ತಾಗ್ತಿತ್ತು. ಈಗ ಎಲ್ಲಿ ಅದಾನೋ" ಎಂದು ಇಣುಕಿ ನೋಡಿ ಬಸ್ಸಿಗೆ ಹೋಗುತ್ತಿದ್ದರು. ದೀಪಾವಳಿ ಹತ್ತಿರ ಬಂತು. ಲಾರಿ ಕೆಲಸಕ್ಕೆ ಹೊರಡಲು ನಾನು ಮನೆಯ ಅಟ್ಟದಿಂದ ಟ್ರಂಕು ಕೆಳಗಿಳಿಸಿದೆ.

ಆಗ ಹೊನ್ನಾಳಿಯಿಂದ ಆ ಅಜ್ಜನ ಹೆಂಡತಿಯೇ ಹುಡುಕಿಕೊಂಡು ಬಂದರು. ಕಡ್ಡಿಯಂಥ ಅಜ್ಜಿ.

"ನಮ್ಮನೆಯವ್ರು ನಿನ್ನ ಕಾರ್ನಾಗೆ ತಿರುಗಾಡ್ತಾರಂತಲ್ಲಪ್ಪ. ನನ್ನನ್ನ ಒಂದಿನಾನೂ ಕಾರ್ನಾಗೆ ಕೂರಿಸಲಿಲ್ಲ. ನ್ಯಾಮತಿ ಮಗಳ ಮನೆಗೆ ಬಿಡು."

ಎಡಗಡೆ ಕಿಟಕಿಯ ಜಾಗ ಬಿಟ್ಟು ಬಲಕ್ಕೆ ಕೂತರು. ದಾರಿಯುದ್ದಕ್ಕೂ ಆ ಖಾಲಿ ಜಾಗಕ್ಕೆ ಹೇಳುತ್ತಲೇ ಇದ್ದರು. ಎಮ್ಮೆ ಈದಿದ್ದು, ಮಗ ಊಟ ಬಿಟ್ಟಿದ್ದು, ಔಷಧಿ ಕುಡೀರಿ ಅಂದರೆ ಕೇಳದೇ ಹೋದದ್ದು. ನನಗೆ ಅಳು ಬಂತು, ಭಯವೂ ಆಯಿತು. ಸ್ಮಶಾನದ ಹತ್ತಿರ ಸ್ಟೇರಿಂಗ್ ಬಿಗಿಹಿಡಿದೆ. ಗಾಡಿ ನೆಟ್ಟಗೆ ಹೋಯಿತು.

ನ್ಯಾಮತಿಯ ಸ್ಟ್ಯಾಂಡಿನಲ್ಲಿ ಅಜ್ಜಿ ಇಳಿದು, ಸುತ್ತಿ ಬಂದು, ಎಡಗಡೆಯ ಬಾಗಿಲು ತೆಗೆದು ನಿಂತರು. "ಇಳೀರಿ, ಊರು ಬಂತು" ಅಂದರು. ಕಾದರು. ಕನ್ನಡಿಯಲ್ಲಿ ನೋಡುತ್ತಿದ್ದೆ. ಯಾರೂ ಕೂರದಿದ್ದ ಆ ಮೂಲೆಯ ಸೀಟು ನಿಧಾನವಾಗಿ ಮೇಲಕ್ಕೆ ಉಬ್ಬಿತು. ಹಳೇ ಸೀಟು, ಸ್ಪ್ರಿಂಗು ಸಡಿಲ ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ.

ಅಜ್ಜಿ ಬಾಗಿಲು ಹಾಕಿ, ನೋಡುತ್ತಿದ್ದ ಜನಕ್ಕೆ "ಇಳಿದ್ರು. ಇನ್ನು ಹತ್ರಿ" ಅಂದರು. ಹಿಂದಿನ ಸೀಟಿಗೇ ನಾಲ್ವರು ತುರುಕಿಕೊಂಡರು. ಅವತ್ತು ತುಂಬಿದ ಗಾಡಿ ಆಮೇಲೆ ಖಾಲಿ ಓಡಲಿಲ್ಲ. ಸಾಹುಕಾರರು ಮಾರುವ ಮಾತು ಬಿಟ್ಟರು, ನನ್ನ ಟ್ರಂಕು ಅಟ್ಟ ಹತ್ತಿತು. ಅವತ್ತು ಹೊರಡುವ ಮುಂಚೆ ಹಿಂದೆ ಕೂತವರೊಬ್ಬರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು, "ಅಜ್ಜೀ, ದಾರ್‍ಯಾಗೆ ಅಜ್ಜ ಏನಾದ್ರೂ ಸದ್ದು ಮಾಡಿದ್ರಾ?"

ಅಜ್ಜಿ ಸೆರಗು ಸರಿಮಾಡಿಕೊಂಡರು. "ನಾನು ಪಕ್ಕದಾಗೆ ಕೂತಿರುವಾಗ ಅವರು ಯಾವತ್ತು ಬಾಯಿ ಬಿಟ್ಟಿದ್ರು?"